ಹುಲುಗಮ್ಮ ಮೂರನೆಯ ದಿನ ಕಂಡದ್ದು

ಕಂಪ್ಲಿಯಲ್ಲಿ ಸೂಲಗಿತ್ತಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಮುಂಬಾಗಿಲಿನಿಂದ ಹೊರಗೆ ಹೋಗುವುದು ವಾಡಿಕೆ. ಹೆರಿಗೆಯ ಹೊತ್ತಿಗೆ ಅವಳು ಬಂದದ್ದು ಬೀದಿಯ ಕಣ್ಣಿಗೆ ಬೀಳಬಾರದು. ಐದನೆಯ ದಿನ, ಹಣೆಬರಹ ಬರೆಯುವ ಶೆಟಿಗೆವ್ವನ ಪೂಜೆ ಮುಗಿದ ಮೇಲೆ ಮನೆಯ ಹಿರಿಯಳು ಅವಳ ಉಡಿಗೆ ಅಕ್ಕಿ, ಬೆಲ್ಲ, ಒಂದು ಕುಪ್ಪಸದ ಖಣ ಹಾಕಬೇಕು; ಅವಳು ಪಡಸಾಲೆ ದಾಟಿ ಎಲ್ಲರಿಗೂ ಕಾಣುವ ಹಾಗೆ ಬೀದಿಗೆ ಇಳಿಯಬೇಕು. ಖಣ ನೋಡಿ ಬೀದಿಯವರು ಹೆರಿಗೆ ಹೇಗಾಯಿತೆಂದು ತಿಳಿದುಕೊಳ್ಳುತ್ತಿದ್ದರು.

ಹುಲುಗಮ್ಮ ಹಾಗೆ ಇಳಿದ ಮನೆಗಳು ಇನ್ನೂರಕ್ಕೂ ಹೆಚ್ಚು. ಹುಟ್ಟೂರು ಮೆಟ್ರಿ. ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಕಂಪ್ಲಿಗೆ ಬಂದಳು; ಅತ್ತೆ ಬಸಕ್ಕನ ಹಿಂದೆ ಎಣ್ಣೆಯ ಬಟ್ಟಲು ಹಿಡಿದು ನಡೆದು ಕೆಲಸ ಕಲಿತಳು. ಅಂಗೈ ಅಗಲ, ಉಗುರು ಗಿಡ್ಡ, ಮಾತು ಒರಟು. ಬೇನೆ ತಿನ್ನುವ ಹೆಣ್ಣು ಹೆಚ್ಚು ಕಿರುಚಿದರೆ, "ಆ ಶಕ್ತಿ ಕೆಳಗ ಹಾಕು, ಗಂಟಲಿಗ್ಯಾಕ ಹಾಕ್ತಿ" ಎಂದು ಗದರುತ್ತಿದ್ದಳು. ಅವಳನ್ನು ಇಷ್ಟಪಡುವವರು ಕಡಿಮೆ. ಕರೆಯದೆ ಇರುವವರು ಇನ್ನೂ ಕಡಿಮೆ.

ಬಸಕ್ಕ ಕಲಿಸಿದ ಪಾಠಗಳಲ್ಲಿ ಒಂದನ್ನು ಹುಲುಗಮ್ಮ ಎಂದೂ ಮುರಿದವಳಲ್ಲ. "ಕೂಸಿನ ಮೈಯಾಗ ಏನರ ಕಂಡ್ರ ಐದನೇ ದಿನದ ತನ ಬಾಯಿ ಬಿಡಬ್ಯಾಡ. ಶೆಟಿಗೆವ್ವ ಇನ್ನೂ ಹಣೆಬರಹ ಬರದಿರಂಗಿಲ್ಲ. ನೀ ಅಂದದ್ದು ಆಕಿ ಕಿವಿಗಿ ಬಿದ್ರ ಅದನ್ನ ಬರದು ಹೊಕ್ಕಾಳ." ಮಗು ಬಡಕಲಾಗಿದ್ದರೂ, ತುಟಿ ಸೀಳಿದ್ದರೂ, ಐದು ದಿನ ಬಾಣಂತಿಯ ಕೋಣೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತಿತ್ತು.

ಸಾವಿರದ ಒಂಬೈನೂರ ಇಪ್ಪತ್ತೈದರ ಕಾರ್ತಿಕದಲ್ಲಿ ಅಕ್ಕಿ ಗಿರಣಿಯ ಕೊಟ್ರಬಸಪ್ಪನ ಮನೆಯಿಂದ ಕರೆ ಬಂತು. ಅವನ ಹೆಂಡತಿ ಹಂಪಮ್ಮನಿಗೆ ಚೊಚ್ಚಲು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಕೊಟ್ರಬಸಪ್ಪನ ತಾಯಿ ಮರುಳಸಿದ್ದಮ್ಮನದು. ಗಿರಣಿಯ ಆಳುಗಳು ಇಂಜಿನ್ನಿಗೆ ಅಂಜುವುದಕ್ಕಿಂತ ಆಕೆಯ ಕೆಮ್ಮಿಗೆ ಹೆಚ್ಚು ಅಂಜುತ್ತಿದ್ದರು.

ಹೆರಿಗೆ ಸುಲಭವಾಗಿತ್ತು. ಬೆಳಗಿನ ಜಾವ ಶುರುವಾದ ಬೇನೆ ಹೊತ್ತು ನೆತ್ತಿಗೆ ಬರುವುದರೊಳಗೆ ಮುಗಿಯಿತು. ಹೆಣ್ಣು ಕೂಸು. ತಲೆ ಮೊದಲು, ಭುಜ ಆಮೇಲೆ, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಹುಲುಗಮ್ಮ ಎಳೆಯುವಂಥದ್ದೇನೂ ಇರಲಿಲ್ಲ. ಕೂಸು ಬೀದಿಗೆ ಕೇಳುವಷ್ಟು ಜೋರಾಗಿ ಅತ್ತಿತು. ಜಂಬಕ್ಕ ಎಂದು ಹೆಸರಿಡುವುದಾಗಿ ಅಪ್ಪ ಅಂದೇ ಹೇಳಿದ.

ಮೂರನೆಯ ದಿನ ಹುಲುಗಮ್ಮ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಉದ್ದಕ್ಕೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನೀರು ಹೊಯ್ಯಲು ಎದುರಿಗೆ ಮರುಳಸಿದ್ದಮ್ಮ ಕುಳಿತಿದ್ದಳು. ಆಗ ಕೂಸಿನ ಬಲಗೈ ಮಿಡಿಯತೊಡಗಿತು. ಬೆಚ್ಚಿದಾಗ ಕೂಸುಗಳ ಕೈ ನಡುಗುವುದು ಹುಲುಗಮ್ಮನಿಗೆ ಗೊತ್ತು, ಹಿಡಿದರೆ ನಿಲ್ಲುತ್ತದೆ. ಇದನ್ನು ಹಿಡಿದಳು, ನಿಲ್ಲಲಿಲ್ಲ. ಅವಳ ಮುಷ್ಟಿಯೊಳಗೇ ಒಂದೇ ಅಳತೆಯಲ್ಲಿ ಬಡಿಯುತ್ತಲೇ ಇತ್ತು, ಬಲೆಯೊಳಗಿನ ಮೀನಿನ ಹಾಗೆ. ಉಳಿದ ಮೂರು ಅಂಗ ಸುಮ್ಮನಿದ್ದವು. ಎರಡು ಚೆಂಬು ನೀರು ಹೊಯ್ಯುವಷ್ಟು ಹೊತ್ತು ನಡೆದು ತಾನಾಗಿಯೇ ನಿಂತಿತು.

ಹುಲುಗಮ್ಮ ಮಾತಾಡಲಿಲ್ಲ. ಮರುಳಸಿದ್ದಮ್ಮ ಹೆಗಲ ಮೇಲಿದ್ದ ಬಟ್ಟೆ ತೆಗೆದು ಕೂಸಿನ ಬಲಭಾಗದ ಮೇಲೆ ಹೊದಿಸಿ, "ಗಾಳಿ ಐತಿ" ಎಂದಳು. ಆ ಬಚ್ಚಲಿಗೆ ಕಿಟಕಿಯೇ ಇರಲಿಲ್ಲ.

ನಾಲ್ಕನೆಯ ದಿನ ಇನ್ನೊಮ್ಮೆ ಹಾಗಾಯಿತು. ಐದನೆಯ ದಿನ ಆಗಲಿಲ್ಲ. ಅಂದು ಮರುಳಸಿದ್ದಮ್ಮ ಉಡಿಗೆ ಹಾಕಿದ್ದು ಹಸಿರು ಮೈಯ, ಕೆಂಪು ಅಂಚಿನ ಗುಳೇದಗುಡ್ಡದ ಖಣ. ಹುಲುಗಮ್ಮ ಮುಂಬಾಗಿಲಿನಿಂದ ಇಳಿದಳು. ಬೀದಿಯವರು ನೋಡಿದರು.

ಐದು ತಿಂಗಳ ಬಳಿಕ ಪಕ್ಕದ ಮನೆಯ ಬಾಣಂತಿಗೆ ನೀರು ಹಾಕಲು ಹೋದಾಗ ಗಿರಣಿ ಮನೆಯ ಹಿತ್ತಲು ಗೋಡೆಯಾಚೆ ಕಾಣುತ್ತಿತ್ತು. ಚಾಪೆಯ ಮೇಲೆ ಜಂಬಕ್ಕ ಮಲಗಿತ್ತು, ಪಕ್ಕದಲ್ಲಿ ಮರುಳಸಿದ್ದಮ್ಮ ಕುಳಿತಿದ್ದಳು. ಅದರ ಎಡಗೈಯನ್ನು ಹಳೆಯ ಸೀರೆಯ ಪಟ್ಟಿಯಿಂದ ಸೊಂಟಕ್ಕೆ ಸೇರಿಸಿ ಕಟ್ಟಿದ್ದರು.

"ಅದ್ಯಾಕ್ರಿ ಅಮ್ಮಾರ, ಕಟ್ಟೀರಿ?" ಎಂದು ಹುಲುಗಮ್ಮ ಗೋಡೆಯ ಮೇಲಿನಿಂದ ಕೇಳಿದಳು.

"ಎಡಚಿ ಆಗಾಕ ಹತ್ತೈತಿ" ಎಂದಳು ಮರುಳಸಿದ್ದಮ್ಮ. "ಏನು ಕೊಟ್ರೂ ಎಡಗೈ ಚಾಚತೈತಿ. ನಾಳೆ ಲಿಂಗ ಯಾವ ಅಂಗೈಯಾಗ ಇಟಕಂತಾಳ, ಪತ್ರಿ ಯಾವ ಕೈಲಿ ಏರಸ್ತಾಳ? ಈಗ ತಿದ್ದಬೇಕು."

ಲಿಂಗ ಎಡ ಅಂಗೈಯಲ್ಲಿ ಕೂರಬೇಕು, ಬಲಗೈ ಪತ್ರೆ ಏರಿಸಬೇಕು. ಹುಲುಗಮ್ಮನಿಗೆ ಅದು ಗೊತ್ತು. ಆದರೆ ಅವಳ ಕಣ್ಣು ಕೂಸಿನ ಬಲಗೈ ಮೇಲಿತ್ತು. ಹೆಬ್ಬೆರಳು ಒಳಗೆ ಮಡಚಿ, ಮುಷ್ಟಿ ಬಿಗಿದು, ಅದು ಎದೆಗೆ ಅಂಟಿಕೊಂಡಿತ್ತು.

"ಐದು ತಿಂಗಳ ಕೂಸಿಗಿ ಎಡಾನೂ ಇಲ್ಲ, ಬಲಾನೂ ಇಲ್ರಿ. ಎಲ್ಡೂ ಕೈ ಚಾಚತಾವ. ಎಡಗೈ ಮುಂದ ಬಂದಿಲ್ಲ, ಬಲಗೈ ಹಿಂದ ಉಳದೈತಿ. ಚೊಲೋ ಕೈ ಕಟ್ಟಿ ಕುಂತೀರಿ, ಬಿಚ್ರಿ."

ಮರುಳಸಿದ್ದಮ್ಮ ಎದ್ದು ನಿಂತಳು. "ಬಲಗೈ ಹಿಂದ ಉಳದೈತಿ? ಯಾಕ ಉಳೀತು? ಹೊಟ್ಟಿಯಾಗಿಂದ ಹೊರಗ ತಂದಾಕಿ ಯಾರು?"

"ನಾನ ತಂದೀನಿ."

"ಹಂಗಾರ ಎಳದಾಕೀನೂ ನೀನ."

ಅಷ್ಟೇ ಮಾತು. ಹೊತ್ತು ಮುಳುಗುವುದರೊಳಗೆ ಅದು ಗಿರಣಿಯ ಆಳುಗಳ ಬಾಯಿಗೆ ಬಂತು, ಮರುದಿನ ಸಂತೆಗೆ ಹೋಯಿತು. ಹುಲುಗಿ ಕೈ ಎಳೆದು ಸಾವ್ಕಾರರ ಕೂಸನ್ನು ಕೆಡಿಸಿದಳು. ಮೂರನೆಯ ದಿನ ಕಂಡದ್ದನ್ನು ಹೇಳಿದರೆ ತಾನು ಉಳಿಯಬಹುದೆಂದು ಹುಲುಗಮ್ಮನಿಗೆ ಅನ್ನಿಸದೆ ಇರಲಿಲ್ಲ. ಆದರೆ ಹೇಳಿದರೆ, ಕಂಡೂ ಮುಚ್ಚಿಟ್ಟವಳಾಗುತ್ತಿದ್ದಳು. ಅದಕ್ಕಿಂತ ಒಳಗಿನ ಒಂದು ಸಂಶಯ ಅವಳ ಬಾಯಿ ಕಟ್ಟಿತು: ಅಂದೇ ಹೇಳಿದ್ದರೆ ಯಾರಾದರೂ ಏನಾದರೂ ಮಾಡುತ್ತಿದ್ದರೇನೋ. ಹೀಗಾಗಿ ಅವಳು ಬೈಗುಳಕ್ಕೆ ಬೈಗುಳ ಕೊಟ್ಟಳು, ಕಾರಣ ಮಾತ್ರ ಕೊಡಲಿಲ್ಲ.

ವರ್ಷದೊಳಗೆ ಪೇಟೆಯ ಮನೆಗಳ ಕರೆ ನಿಂತಿತು. ಅವು ದ್ಯಾಮಕ್ಕನೆಂಬ ಇನ್ನೊಬ್ಬ ಸೂಲಗಿತ್ತಿಯ ಪಾಲಾದವು. ಹುಲುಗಮ್ಮನಿಗೆ ಉಳಿದದ್ದು ಗದ್ದೆ ಕೆಲಸದವರ ಗುಡಿಸಲುಗಳು. ಅಲ್ಲಿ ಐದನೆಯ ದಿನ ಖಣ ಇಲ್ಲ, ಒಂದು ಸೇರು ಜೋಳ. ಬೀದಿಯಲ್ಲಿ ಹೋಗುವಾಗ ಹೆಂಗಸರು ತಮಾಷೆಗೆ ತಮ್ಮ ಮಕ್ಕಳ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ. "ಮುಚ್ಚಿಟ್ಕ. ನಿನ್ನ ಕೂಸಿನ ಕೈಗಿಂತ ನಿನ್ನ ನಾಲಿಗಿ ಎಳೀಬೇಕಾಗಿತ್ತು ನಿಮ್ಮವ್ವ ಹಡದಾಗ." ಗಿರಣಿಯ ಮುಂದೆ ಹಾದುಹೋದಾಗಲೆಲ್ಲ ಹೊಸ್ತಿಲ ಕಡೆ ನೋಡಿ ಉಗುಳುವುದನ್ನು ರೂಢಿ ಮಾಡಿಕೊಂಡಳು.

ಜಂಬಕ್ಕ ತಡವಾಗಿ ನಡೆಯಿತು, ಬಲಗಾಲು ಸ್ವಲ್ಪ ಎಳೆದುಕೊಂಡು. ಎಡಗೈ ಕಟ್ಟುವುದನ್ನು ಬಿಡಲಿಲ್ಲ. ಊಟದ ಹೊತ್ತಿಗೂ ಪಾಠದ ಹೊತ್ತಿಗೂ ಕಟ್ಟುತ್ತಿದ್ದರು. ಆರು ವರ್ಷ ಹಂಪಮ್ಮನಿಗೆ ಬಸಿರು ನಿಲ್ಲಲಿಲ್ಲ. ಅದಕ್ಕೂ ಹುಲುಗಮ್ಮನ ಕೈಯೇ ಕಾರಣವೆಂದು ಮರುಳಸಿದ್ದಮ್ಮ ಹೇಳಿಕೊಂಡು ಬಂದಳು.

ಮೂವತ್ತೊಂದರ ಬೇಸಿಗೆಯ ಒಂದು ಬೆಳಿಗ್ಗೆ ಕಾಲುವೆಯ ಮೆಟ್ಟಿಲ ಮೇಲೆ ಹುಲುಗಮ್ಮ ಬಟ್ಟೆ ಒಗೆಯುತ್ತಿದ್ದಳು. ನಾಲ್ಕು ಮೆಟ್ಟಿಲು ಮೇಲೆ ಹಂಪಮ್ಮ ಮಗಳೊಡನೆ ಕುಳಿತಿದ್ದಳು. ಇಬ್ಬರ ನಡುವೆ ಮಾತಿಲ್ಲ. ಆಗ ಜಂಬಕ್ಕನ ಬಲಗೈ ಮಿಡಿಯತೊಡಗಿತು. ಹುಲುಗಮ್ಮನ ಕೈಯಲ್ಲಿದ್ದ ಬಟ್ಟೆ ನೀರಿಗೆ ಜಾರಿತು. ಆರು ವರ್ಷದ ಹಿಂದಿನದೇ ಕೈ, ಅದೇ ಅಳತೆ. ಮಿಡಿತ ಮೊಣಕೈ ಹತ್ತಿತು, ಬಾಯಿಯ ಬಲಕೊನೆ ಎಳೆಯಿತು, ಆಮೇಲೆ ಮೈಯೆಲ್ಲ ಸೆಟೆದು ಹುಡುಗಿ ಕಲ್ಲಿನ ಮೇಲೆ ಬಿದ್ದಳು.

ಮೆಟ್ಟಿಲ ಮೇಲಿದ್ದವರೆಲ್ಲ ಒಮ್ಮೆಗೇ ಬಂದರು. ಒಬ್ಬಳು ಮೂಗಿಗೆ ಚಪ್ಪಲಿ ಹಿಡಿದಳು. ಇನ್ನೊಬ್ಬಳು ಬೀಗದ ಕೈಯನ್ನು ಹುಡುಗಿಯ ಹಲ್ಲಿನ ನಡುವೆ ತುರುಕಲು ಹೊರಟಳು. ಹುಲುಗಮ್ಮ ಅವಳನ್ನು ತಳ್ಳಿ, ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯುವಂತೆ ಮಾಡಿ, ತಲೆಯ ಕೆಳಗೆ ಒದ್ದೆ ಬಟ್ಟೆಯ ಗಂಟು ಇಟ್ಟಳು. ಹುಟ್ಟುವಾಗ ನೀರು ಕುಡಿದ ಕೂಸನ್ನು ಹೊರಳಿಸುವ ರೀತಿ ಅದು. ಬೇರೆ ಏನೂ ಅವಳಿಗೆ ಗೊತ್ತಿರಲಿಲ್ಲ. ಮಿಡಿತ ಇಳಿಯುವ ಹೊತ್ತಿಗೆ ಮರುಳಸಿದ್ದಮ್ಮ ಏದುಸಿರು ಬಿಡುತ್ತ ಬಂದಳು.

"ತೆಗಿ ಕೈ. ಹುಟ್ಟಿದಾಗ ಮುರದಿ, ಈಗ ಕೊಲ್ಲಾಕ ಕುಂತೀಯೇನು?"

"ಅತ್ತೀ, ಆಕಿ ಏನೂ ಮಾಡಿಲ್ಲ" ಎಂದು ಹಂಪಮ್ಮ ಮೆಲ್ಲಗೆ ಹೇಳಿದಳು.

"ನೀ ಸುಮ್ಮನಿರು." ಮರುಳಸಿದ್ದಮ್ಮ ಹುಲುಗಮ್ಮನ ಮೈಮೇಲಿನ ಕುಪ್ಪಸವನ್ನು ನೋಡಿದಳು. ಹಸಿರು ಮಾಸಿ, ಅಂಚಿನ ಕೆಂಪು ಮಾತ್ರ ಉಳಿದಿತ್ತು. "ನಮ್ಮ ಮನಿ ಖಣ ತೊಟ್ಕಂಡು ನಮ್ಮ ಕೂಸಿನ ಮುಂದ ಕುಂತೀದಿ. ಆ ಖಣ ನಮಗ ತಿರುಗಿ ಕೊಡು."

ಸೂಲಗಿತ್ತಿಯ ಉಡಿಗೆ ಹಾಕಿದ ಖಣವನ್ನು ಯಾರೂ ತಿರುಗಿ ಕೇಳಿದ್ದಿಲ್ಲ. ಕೂಸು ಸತ್ತು ಹುಟ್ಟಿದ ಮನೆಯವರೂ ಕೇಳಿದವರಲ್ಲ.

ಹುಲುಗಮ್ಮ ಅಂದು ಮಧ್ಯಾಹ್ನ ಗುಡಿಸಲಿನ ಮುಂದೆ ಕುಳಿತು ಕುಪ್ಪಸದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ತೋಳು ಬೇರೆ, ಎದೆ ಬೇರೆ, ಬೆನ್ನು ಬೇರೆ. ಒಗೆದು, ಒಣಗಿಸಿ, ಮಡಚಿ ಗಿರಣಿ ಮನೆಯ ಕಟ್ಟೆಯ ಮೇಲೆ ಇಟ್ಟಳು. "ಅಮ್ಮಾರ, ನಿಮ್ಮ ಖಣ. ದಾರನೂ ಬೇಕಾದ್ರ ಗುಡಿಸಲದಾಗ ಐತಿ, ಕಳಸ್ರಿ." ಒಳಗಿನಿಂದ ಕೆಮ್ಮು ಮಾತ್ರ ಕೇಳಿಸಿತು.

ಹುಡುಗಿಗೆ ಮೂರ್ಛೆ ಮತ್ತೆ ಮತ್ತೆ ಬಂತು, ವಾರಕ್ಕೆ ಒಂದು, ಕೆಲವು ವಾರ ಎರಡು. ಮರುಳಸಿದ್ದಮ್ಮ ಮಂತ್ರಿಸಿದ ದಾರ ಕಟ್ಟಿಸಿದಳು. ಯಾರೋ ಹೇಳಿದರೆಂದು ಕಾಯಿಸಿದ ಸೂಜಿಯಿಂದ ಕಿವಿಯ ಮೇಲೆ ಬರೆ ಹಾಕಿಸಿದಳು. ಬರೆಯ ಗಾಯ ಮಾಯುವುದರೊಳಗೆ ಮತ್ತೊಂದು ಮೂರ್ಛೆ ಬಂತು. ಆಗ ಕೊಟ್ರಬಸಪ್ಪ ತಾಯಿಯ ಮಾತು ಕೇಳದೆ ಮಗಳನ್ನು ಹೊಸಪೇಟೆಗೆ ಕರೆದುಕೊಂಡು ಹೋದ. ಬಜಾರದ ಹಿಂದಿನ ಬೀದಿಯಲ್ಲಿ ಅಂಜಿನಯ್ಯನೆಂಬ ಡಾಕ್ಟರು ಸ್ವಂತ ದವಾಖಾನೆ ಇಟ್ಟಿದ್ದರು, ಮದರಾಸಿನಲ್ಲಿ ಓದಿದವರು.

ಹೋಗಿ ಬಂದ ಮರುದಿನ ಕೊಟ್ರಬಸಪ್ಪ ಹುಲುಗಮ್ಮನ ಗುಡಿಸಲಿನ ಮುಂದೆ ಬಂದು ನಿಂತ. ಆರು ವರ್ಷದಲ್ಲಿ ಅವನು ಅವಳೊಡನೆ ಮಾತಾಡಿದ್ದು ಅದೇ ಮೊದಲು.

"ಹುಲುಗಮ್ಮ, ನಾಳೆ ಗಾಡಿಯಾಗ ಹೊಸಪೇಟಿಗಿ ಬರಬೇಕು. ಹುಟ್ಟಿದ ವಾರದಾಗ ಏನಾತು ಅಂತ ಡಾಕ್ಟರು ಕೇಳಿದ್ರು. ನಮಗ ಯಾರಿಗೂ ಹೇಳಾಕ ಬರಲಿಲ್ಲ. ಕೂಸಿಗಿ ನೀರು ಹಾಕಿದಾಕಿನ ಕರಕಂಬರ್ರಿ ಅಂದಾರ."

"ನಿಮ್ಮವ್ವಾರೂ ಬರ್ತಾರೇನ್ರಿ?"

"ಬರ್ತಾಳ. ನಿನ್ನ ಬಾಯಿಂದನ ಕೇಳಬೇಕಂತ."

ಕತ್ತಲಿರುವಾಗಲೇ ಗಾಡಿ ಹೊರಟಿತು. ಮರುಳಸಿದ್ದಮ್ಮ ಒಳಗೆ ಒರಗಿ ಕುಳಿತಿದ್ದಳು, ಹಂಪಮ್ಮನ ತೊಡೆಯ ಮೇಲೆ ಜಂಬಕ್ಕ ಮಲಗಿದ್ದಳು. ಹುಲುಗಮ್ಮನಿಗೆ ಹಿಂದಿನ ಹಲಗೆಯ ತುದಿ. "ಬಿಗಿಯಾಗಿ ಹಿಡಕ" ಎಂದಳು ಮರುಳಸಿದ್ದಮ್ಮ. "ಎಳದು ರೂಢಿ ಐತೆಲ್ಲ ನಿನಗ." ಹುಲುಗಮ್ಮ ಹಲಗೆ ಹಿಡಿದು ದಾರಿ ನೋಡುತ್ತ ಕುಳಿತಳು. ಕೈ ಎಳೆದದ್ದು ಹೌದೆಂದು ಡಾಕ್ಟರು ಒಂದು ಮಾತು ಹೇಳಿದರೆ ಗುಡಿಸಲುಗಳ ಕರೆಯೂ ನಿಲ್ಲುತ್ತದೆ. ಕಂಡೂ ಹೇಳಲಿಲ್ಲವೆಂದು ಅವಳೇ ಒಪ್ಪಿದರೂ ನಿಲ್ಲುತ್ತದೆ. ಕಮಲಾಪುರದ ಕೆರೆ ಏರಿ ಬರುವ ಹೊತ್ತಿಗೆ ಬೆಳಕಾಗಿತ್ತು. ಅವಳು ಇನ್ನೂ ಯಾವುದೂ ನಿಶ್ಚಯಿಸಿರಲಿಲ್ಲ.

ಅಂಜಿನಯ್ಯ ತೆಳ್ಳಗಿನ ಮನುಷ್ಯ, ಮಾತು ನಿಧಾನ. ಎಲ್ಲರನ್ನೂ ಒಳಗೆ ಕರೆದು, "ಕುಂದ್ರಿ" ಎಂದರು. ಹುಲುಗಮ್ಮ ಬಾಗಿಲ ಬಳಿ ನಿಂತೇ ಇದ್ದಳು.

ಮರುಳಸಿದ್ದಮ್ಮ ಮೊದಲು ಬಾಯಿ ತೆರೆದಳು. "ಇಕೀನ್ರಿ ಕೈ ಎಳದಾಕಿ."

ಡಾಕ್ಟರು ಜಂಬಕ್ಕನ ಬಲಗೈಯನ್ನು ಮೊಣಕೈಯಲ್ಲಿ ಮಡಚಿ ಬಿಡಿಸಿದರು. ಅದು ಬಿಗಿಯಾಗಿತ್ತು, ಬಿಟ್ಟ ಕೂಡಲೇ ಎದೆಗೆ ಮರಳಿತು. ಆಮೇಲೆ ಹುಡುಗಿಯನ್ನು ಮೇಜಿನ ಮೇಲೆ ಕೂರಿಸಿ, ಎರಡೂ ಪಾದ ಜೋಡಿಸಿ, ಒಂದು ದಾರದಿಂದ ಅಳೆದು ತೋರಿಸಿದರು. ಬಲಪಾದ ಅರ್ಧ ಬೆರಳಿನಷ್ಟು ಗಿಡ್ಡ.

"ಹೆರಿಗಿಯಾಗ ಕೈ ಎಳದು ನರ ಹರದಿದ್ರ ಕೈ ಜೋಲು ಬೀಳತೈತಿ ಅಮ್ಮ, ಹಿಂಗ ಬಿಗಿಯಂಗಿಲ್ಲ. ಇರ್ಲಿ, ಕೈ ಎಳದ್ಲು ಅಂತಾನೇ ಇಟ್ಕಳ್ರಿ. ಕಾಲು ಯಾರು ಎಳದ್ರು? ಬಾಯಿ ಯಾರು ಎಳದ್ರು?"

ಡಾಕ್ಟರು ಹುಲುಗಮ್ಮನ ಕಡೆ ತಿರುಗಿದರು.

"ನೀವು ಎಷ್ಟು ದಿನ ನೀರು ಹಾಕಿದ್ರಿ?"

"ಐದು ದಿನ್ರಿ."

"ಆ ಐದು ದಿನದಾಗ ಒಂದಽ ಕಡಿ ಕೈಯಾಗಲಿ ಕಾಲಾಗಲಿ ಮಿಡದದ್ದು ನೋಡಿದ್ರೇನು? ನೆನಪು ಮಾಡಿ ಹೇಳ್ರಿ. ಹೌದು ಅಂದ್ರ ಇದು ಹುಟ್ಟಿದಾಗಿಂದು. ಇಲ್ಲ ಅಂದ್ರ ನಾನು ಬ್ಯಾರೆ ಹುಡುಕಬೇಕು."

ನೆನಪು ಮಾಡುವ ಅಗತ್ಯ ಹುಲುಗಮ್ಮನಿಗೆ ಇರಲಿಲ್ಲ. ಅವಳು ತನ್ನ ಬಲಗೈ ಎತ್ತಿ, ಮುಷ್ಟಿ ಬಿಗಿದು, ಆ ಅಳತೆಯನ್ನು ಗಾಳಿಯಲ್ಲಿ ಬಡಿದು ತೋರಿಸಿದಳು. ಒಂದು, ಎರಡು, ಮೂರು, ನಾಲ್ಕು. "ಮೂರನೇ ದಿನ ಒಮ್ಮೆ. ನಾಕನೇ ದಿನ ಒಮ್ಮೆ. ಹಿಡಿದ್ರೂ ನಿಲ್ಲಲಿಲ್ರಿ. ಬಲಗೈ ಅಷ್ಟ."

"ಕೇಳಿದ್ರೇನು?" ಮರುಳಸಿದ್ದಮ್ಮನ ದನಿ ಏರಿತು. "ಕೊಟ್ರಬಸಪ್ಪ, ಕೇಳಿದ್ಯಾ? ಈಕಿಗಿ ಗೊತ್ತಿತ್ತು. ಆರು ವರ್ಷ ಮುಚ್ಚಿಟ್ಕಂಡಾಳ ರಂಡಿ. ಅವತ್ತಽ ಹೇಳಿದ್ರ ಕೂಸು ಉಳೀತಿತ್ತು."

"ಶೆಟಿಗೆವ್ವ ಬರೆಯೋ ಮುಂಚೆ ಹೇಳಬಾರದು ಅಂತ ಹೇಳಲಿಲ್ಲ" ಎಂದಳು ಹುಲುಗಮ್ಮ. "ಅದು ನನ್ನ ತಪ್ಪು, ನಂದಽ. ಆದ್ರ ಅಮ್ಮಾರ, ಬಚ್ಚಲಕ್ಕ ಕಿಟಕಿ ಇರಲಿಲ್ಲ. ಗಾಳಿ ಐತಿ ಅಂತ ಆ ಕೈ ಮ್ಯಾಲ ಬಟ್ಟಿ ಹಾಕಿದಾಕಿ ಯಾರು?"

ಹಂಪಮ್ಮ ಅತ್ತೆಯ ಮುಖ ನೋಡಿದಳು. ಕೊಟ್ರಬಸಪ್ಪನೂ ನೋಡಿದ. ಮರುಳಸಿದ್ದಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಇಲ್ಲವೆನ್ನಲಿಲ್ಲ.

ಡಾಕ್ಟರು ಜಗಳಕ್ಕೆ ಎಡೆ ಕೊಡಲಿಲ್ಲ. ಮೆದುಳಿಗೆ ರಕ್ತ ಒಯ್ಯುವ ಸಣ್ಣ ಸಣ್ಣ ನಾಳಗಳಿವೆ, ಹುಟ್ಟುವ ಹೊತ್ತಿಗೆ ಅಥವಾ ಅದರ ಹಿಂದೆ ಮುಂದೆ ಅಂಥ ಒಂದು ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಂಡಿರಬೇಕು ಎಂದರು. ಮೆದುಳಿನ ಎಡಭಾಗ ಬಲಗೈ ಬಲಗಾಲನ್ನು ಆಡಿಸುತ್ತದೆ. ಅದಕ್ಕೆ ರಕ್ತ ತಪ್ಪಿದ್ದರಿಂದ ಅಲ್ಲಿಯ ಒಂದಷ್ಟು ಜಾಗ ಸತ್ತಿದೆ. ಮೂರನೆಯ ದಿನದ ಮಿಡಿತ ಅದರ ಕೂಗು.

ಕೊಟ್ರಬಸಪ್ಪನ ಗದ್ದೆ ಕಾಲುವೆಯ ಕೊನೆಯಲ್ಲಿತ್ತು. "ಸಣ್ಣ ಕಾಲಿವಿಗಿ ಹೂಳು ತುಂಬಿ ಕೊನೀ ಮಡಿಗಿ ನೀರು ಹೋಗಂಗಿಲ್ಲ, ಹಂಗೇನ್ರಿ?" ಎಂದ.

"ಹಂಗಽ. ಆದ್ರ ಕಾಲಿವಿ ಹೂಳು ತೆಗೆದ್ರ ಮಡಿಯಾಗ ಮತ್ತ ಪೈರು ಬರತೈತಿ. ಇಲ್ಲಿ ಒಮ್ಮೆ ಒಣಗಿದ ಜಾಗ ಒಣಗಿದ್ದಽ."

"ಮತ್ತ ಮೂರ್ಛೆ ಆರು ವರ್ಷ ಬಿಟ್ಟು ಯಾಕ ಬಂತ್ರಿ?" ಎಂದು ಕೇಳಿದವಳು ಹಂಪಮ್ಮ.

"ಸತ್ತ ಜಾಗದಾಗ ಗಾಯದ ಕಲೆ ಉಳೀತೈತಮ್ಮ. ಕಲೆ ಸುತ್ತಲಿನ ಮೆದುಳು ಸುಮ್ಮನಿರಂಗಿಲ್ಲ. ಕೆಲವರಿಗಿ ತಿಂಗಳದಾಗ ಕೆರಳತೈತಿ, ಕೆಲವರಿಗಿ ವರ್ಷಗಟ್ಲೆ ಹಿಡೀತೈತಿ, ಕೆಲವರಿಗಿ ಬರೋದಽ ಇಲ್ಲ. ಅದಕ್ಕಽ ಮೊದಲು ಬಲಗೈ ಮಿಡೀತು, ಆಮೇಲೆ ಮೈಯೆಲ್ಲ."

"ಯಾರು ಮಾಡಿದ್ರು ಅದನ್ನ?" ಮರುಳಸಿದ್ದಮ್ಮ ಗೋಡೆ ನೋಡುತ್ತ ಕೇಳಿದಳು.

"ಯಾರೂ ಇಲ್ಲ. ತಾಯಿ ಅಲ್ಲ, ಸೂಲಗಿತ್ತಿ ಅಲ್ಲ, ದೆವ್ವ ಅಲ್ಲ. ಆ ಹೆಪ್ಪು ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ, ಮದರಾಸಿನಾಗ ನನಗ ಕಲಿಸಿದವರಿಗೂ ಗೊತ್ತಿರಲಿಲ್ಲ. ಮೂರನೇ ದಿನ ಇವರು ಡಂಗುರ ಹೊಡದಿದ್ರೂ ಆ ನಾಳ ತೆರೆಯೋರು ಯಾರೂ ಇರಲಿಲ್ಲ." ಅವರು ಹುಡುಗಿಯ ಎಡ ಮಣಿಕಟ್ಟನ್ನು ಎತ್ತಿದರು. ಪಟ್ಟಿ ಕಟ್ಟಿ ಕಟ್ಟಿ ಅಲ್ಲಿ ಕಪ್ಪು ಗೆರೆ ಬಿದ್ದಿತ್ತು. "ಮನುಷ್ಯರು ಮಾಡಿದ್ದು ಇದು. ಇದು, ಮತ್ತ ಕಿವಿ ಮ್ಯಾಲಿನ ಬರೆ. ಎಡಗೈ ಕಟ್ಟಬ್ಯಾಡ್ರಿ, ಆಕಿಗಿ ಇರೋದು ಅದೊಂದಽ ಚೊಲೋ ಕೈ. ಬಲಗೈಗಿ ಸಣ್ಣ ಕೆಲಸ ಕೊಡ್ರಿ: ಹಿಡಿಯೋದು, ಒತ್ತೋದು."

ಮೂರ್ಛೆಗೆ ಗುಳಿಗೆ ಬರೆದುಕೊಟ್ಟರು. ದಿನವೂ ಕೊಡಬೇಕು, ಚೆನ್ನಾಗಿದ್ದಾಳೆಂದು ನಿಲ್ಲಿಸಬಾರದು. ಕೈ ಸರಿಯಾಗುವುದಿಲ್ಲ, ಮೂರ್ಛೆ ಕಡಿಮೆಯಾಗಬಹುದು ಎಂದು ಎರಡು ಸಲ ಹೇಳಿದರು.

ಅಂದೇ ಗಾಡಿ ಮರಳಿ ಹೊರಟಿತು. ಕಮಲಾಪುರ ದಾಟಿದ ಮೇಲೆ ಮರುಳಸಿದ್ದಮ್ಮ ಗಾಡಿ ನಿಲ್ಲಿಸಲು ಹೇಳಿದಳು.

"ಇಳಿ."

"ಅವ್ವಾ, ಇನ್ನೂ ಅರ್ಧ ದಾರಿ ಐತಿ" ಎಂದ ಕೊಟ್ರಬಸಪ್ಪ.

"ನಡೀತಾಳ. ಆಕಿ ಕಾಲು ಚೊಲೋ ಅದಾವ."

ಹುಲುಗಮ್ಮ ಇಳಿದಳು. "ಗಾಳಿ ಐತಿ ಅಮ್ಮಾರ" ಎಂದಳು. "ಬಟ್ಟಿ ಹೊದ್ಕಳ್ರಿ." ಕಂಪ್ಲಿ ಮುಟ್ಟಿದಾಗ ಹೊತ್ತು ಮುಳುಗಿತ್ತು.

ಡಾಕ್ಟರ ಮಾತು ಕಂಪ್ಲಿಯಲ್ಲಿ ಹರಡಲಿಲ್ಲ. ಹರಡಬೇಕಾದವರು ಬಾಯಿ ಮುಚ್ಚಿಕೊಂಡಿದ್ದರು. ಊರಿಗೆ ಹುಲುಗಮ್ಮ ಇನ್ನೂ ಕೈ ಎಳೆದವಳೇ. ಗುಡಿಸಲುಗಳಲ್ಲಿ ಅವಳು ಒಂದನ್ನು ಬದಲಿಸಿದಳು. ಕೂಸಿನ ಮೈಯಲ್ಲಿ ಏನು ಕಂಡರೂ ಆ ಕ್ಷಣವೇ ತಾಯಿಗೆ ಹೇಳತೊಡಗಿದಳು. ಇದರಿಂದ ಎರಡು ಗುಡಿಸಲುಗಳವರು ಅವಳನ್ನು ಅಪಶಕುನದ ಬಾಯಿಯವಳೆಂದು ಬಿಟ್ಟರು. ಜಂಬಕ್ಕನ ಮೂರ್ಛೆ ವಾರದಿಂದ ತಿಂಗಳಿಗೆ, ಆಮೇಲೆ ಎರಡು ಮೂರು ತಿಂಗಳಿಗೆ ಒಂದಕ್ಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ.

ಮೂವತ್ತಮೂರರಲ್ಲಿ ಹಂಪಮ್ಮನಿಗೆ ಮತ್ತೆ ದಿನ ತುಂಬಿತು. ಬೇನೆ ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆಯಿತು. ಮರುದಿನ ಬೆಳಿಗ್ಗೆ ದ್ಯಾಮಕ್ಕ, ಕೂಸು ಅಡ್ಡ ಐತಿ, ನನ್ನ ಕೈಲಿ ಆಗಂಗಿಲ್ಲ ಎಂದು ಎದ್ದುಹೋದಳು. ಕೊಟ್ರಬಸಪ್ಪನೇ ಗುಡಿಸಲಿಗೆ ಓಡಿ ಬಂದ. ಹುಲುಗಮ್ಮ ಎಣ್ಣೆಯ ಬಟ್ಟಲು ತೆಗೆದುಕೊಂಡು ಅವನ ಹಿಂದೆ ಬಂದಳು. ಅವನು ಹಿತ್ತಲ ಕಡೆಗೆ ತಿರುಗಿದ. ಅವಳು ತಿರುಗಲಿಲ್ಲ. ಮುಂಬಾಗಿಲ ಕಟ್ಟೆಯ ಮೇಲೆ ಕುಳಿತಳು.

"ಈ ಬಾಗಿಲು ತೆಗಸ್ರಿ ಸಾವ್ಕಾರ್ರ."

ಒಳಗಿನಿಂದ ಮರುಳಸಿದ್ದಮ್ಮನ ದನಿ ಬಂತು. "ಹೆರಿಗಿ ಹೊತ್ನಾಗ ಮುಂಬಾಗಿಲಿಂದ ಸೂಲಗಿತ್ತಿ ಬಂದದ್ದು ನಮ್ಮ ಮನ್ಯಾಗ ಇಲ್ಲ."

"ಖಣ ತಿರುಗಿ ಕೇಳಿದ್ದು ಯಾವ ಮನ್ಯಾಗೂ ಇಲ್ಲ."

"ನನ್ನ ಸೊಸಿ ಸಾಯಾಕತ್ತಾಳ, ಬಾಗಿಲು ಕೇಳ್ತಾಳಿಕಿ."

ಹಂಪಮ್ಮ ಕೂಗಿದಳು. ಹುಲುಗಮ್ಮ ಕಿವಿ ಕೊಟ್ಟು, ಒಂದು ಕೂಗಿಗೂ ಮುಂದಿನ ಕೂಗಿಗೂ ನಡುವಿನ ಉಸಿರನ್ನು ಎಣಿಸಿದಳು. ಇನ್ನೂ ಸ್ವಲ್ಪ ಹೊತ್ತಿದೆ. ಹೆಚ್ಚು ಇಲ್ಲ. ಬೀದಿಯಲ್ಲಿ ಹೆಂಗಸರು ಸೇರತೊಡಗಿದ್ದರು. "ಸಾಯಂಗಿಲ್ಲ" ಎಂದಳು ಅವಳು, ಬೀದಿಗೆ ಕೇಳುವ ಹಾಗೆ. "ನಾ ಕಳ್ಳಿ ಅಲ್ಲ, ಕೈ ಎಳದಾಕಿ ಅಲ್ಲ. ಹಿತ್ತಲಿಂದ ಬರಂಗಿಲ್ಲ."

ಒಳಗೆ ಏನೋ ಜಗ್ಗಾಟದ ಸದ್ದು. ಬಾಗಿಲ ಅಗುಳಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕದ ತೆರೆದಾಗ ಹೊಸ್ತಿಲಲ್ಲಿ ಜಂಬಕ್ಕ ನಿಂತಿದ್ದಳು. ಎಡಗೈ ಅಗುಳಿಯ ಮೇಲಿತ್ತು. ಕದ ಅಲುಗದಂತೆ ಮಡಚಿದ ಬಲಮುಷ್ಟಿಯಿಂದ ಒತ್ತಿ ಹಿಡಿದಿದ್ದಳು.

"ಅಜ್ಜಿ ಬ್ಯಾಡ ಅಂದ್ಲು" ಎಂದಳು ಹುಡುಗಿ. "ಅವ್ವ ತೆಗಿ ಅಂದ್ಲು."

ಹುಲುಗಮ್ಮ ಕೂಸನ್ನು ಹೊಟ್ಟೆಯ ಮೇಲಿನಿಂದಲೇ ಒತ್ತಿ ಒತ್ತಿ ತಿರುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಗಂಡು ಹುಟ್ಟಿತು. ಹಂಪಮ್ಮ ಬದುಕಿದಳು.

ಮೂರನೆಯ ದಿನ ಬಚ್ಚಲಲ್ಲಿ ಮರುಳಸಿದ್ದಮ್ಮ ನೀರು ಹೊಯ್ಯಲು ಎದುರಿಗೆ ಕುಳಿತಳು, ಹೆಗಲ ಮೇಲೆ ಬಟ್ಟೆ. ಹುಲುಗಮ್ಮ ಕೂಸಿನ ಎರಡೂ ಮುಷ್ಟಿ ಬಿಚ್ಚಿದಳು, ಎರಡೂ ಪಾದ ಜೋಡಿಸಿದಳು. "ಬಲಗೈ ಚೊಲೋ ಐತಿ" ಎಂದು ಗಟ್ಟಿಯಾಗಿ ಹೇಳಿದಳು. "ಎಡಗೈ ಚೊಲೋ ಐತಿ. ಕಾಲು ಎಲ್ಡೂ ಸಮ ಅದಾವ."

"ಇನ್ನೂ ಎಲ್ಡು ದಿನ ಐತಿ. ಬಾಯಿ ಮುಚ್ಚು" ಎಂದಳು ಮರುಳಸಿದ್ದಮ್ಮ.

"ಕೇಳಿಸ್ಕಳ್ಲಿ. ಬರಕಳ್ಲಿ. ನೀವು ನೀರು ಹೊಯ್ರಿ."

ಮರುಳಸಿದ್ದಮ್ಮ ನೀರು ಹೊಯ್ದಳು. ಬಟ್ಟೆ ಹೆಗಲ ಮೇಲೆಯೇ ಉಳಿಯಿತು.

ಐದನೆಯ ದಿನ ಪೂಜೆ ಮುಗಿದ ಮೇಲೆ ಮರುಳಸಿದ್ದಮ್ಮ ಹುಲುಗಮ್ಮನ ಉಡಿಗೆ ಅಕ್ಕಿ ಹಾಕಿದಳು, ಬೆಲ್ಲ ಹಾಕಿದಳು, ಕೊನೆಗೆ ಖಣ. ಹಸಿರು ಮಾಸಿದ ನಾಲ್ಕು ತುಂಡು, ಮಡಚಿದ್ದು ಮಡಚಿದಂತೆಯೇ ಇತ್ತು. ಅಂಚಿನುದ್ದಕ್ಕೂ ಸೂಜಿಯ ತೂತುಗಳು ಕಾಣುತ್ತಿದ್ದವು.

"ಹೊಸಾದು ಸಿಗಲಿಲ್ಲೇನ್ರಿ?" ಎಂದಳು ಹುಲುಗಮ್ಮ.

"ಇದು ನಿಂದಽ. ನಾ ಮುಟ್ಟಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಬ್ಬರ ಮುಖವೂ ಸಡಿಲಲಿಲ್ಲ. ಹುಲುಗಮ್ಮ ಉಡಿಯನ್ನು ಬಿಗಿಯಾಗಿ ಹಿಡಿದು, ತುಂಡುಗಳು ಮೇಲೆ ಕಾಣುವಂತೆ ಸರಿಮಾಡಿಕೊಂಡು ಮುಂಬಾಗಿಲಿನಿಂದ ಬೀದಿಗೆ ಇಳಿದಳು. ಬೀದಿಯವರು ಖಣ ನೋಡಿದರು, ತೂತುಗಳನ್ನೂ ನೋಡಿದರು. ಅಂದು ಯಾವ ಹೆಂಗಸೂ ಮಕ್ಕಳ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ.

ಗಿರಣಿಯ ಮುಂದೆ ಬಂದಾಗ ರೂಢಿಯಂತೆ ಬಾಯಲ್ಲಿ ಉಗುಳು ತುಂಬಿತು. ಅದನ್ನು ನುಂಗಿಕೊಂಡು, ದರ್ಜಿಯ ಅಂಗಡಿಯ ಕಡೆ ನಡೆದಳು.